ಗೋಡೆ ಕ್ಯಾಲೆಂಡರಿನಲ್ಲಿ ನಮ್ಮ ಓಟಗಳು

ನಾವು ನಾಲ್ವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಒಬ್ಬೊಬ್ಬರಿಗೆ ಒಂದೊಂದು ತಾಲ್ಲೂಕು. ಸುದ್ದಿ ಕಳಿಸುವವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯೋದು ಕಡಿಮೆ. "ಏನ್ ಜಗಳೂರು, ಮಳೆ ಬಂತಾ?" ಅಂತಲೇ ಫೋನಿನ ಮಾತು ಶುರುವಾಗುತ್ತದೆ. ಎಲ್ಲರೂ ಮೂವತ್ತು ದಾಟಿದವರು. ಬೈಕ್ ಮೇಲೆ ಕೂತು, ಮೊಬೈಲಿನಲ್ಲಿ ಟೈಪ್ ಮಾಡಿ ಬೆನ್ನು ಹಿಡಿದುಕೊಂಡಿತ್ತು ಅಂತ ಓಡಲು ಶುರು ಮಾಡಿದೆವು. ಈಗ ಅದೇ ಒಂದು ಚಟ.

ನಮ್ಮ ವಿಷಯ ಹಾಗಿರಲಿ. ನಮ್ಮೂರುಗಳಲ್ಲಿ ಬೆಳಗಿನ ಜಾವ ಓಡುವವರಲ್ಲಿ ಹೆಚ್ಚಿನವರು ಪೊಲೀಸ್ ಆಗಬೇಕು, ಸೈನ್ಯಕ್ಕೆ ಸೇರಬೇಕು ಅನ್ನುವ ಹುಡುಗರು. ಕಾನ್‌ಸ್ಟೆಬಲ್ ಹುದ್ದೆಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅಧಿಸೂಚನೆ ಬರುತ್ತದೆ ಅಂತ ಸುದ್ದಿ ಹಬ್ಬಿದರೆ ಕಾಲೇಜು ಮೈದಾನದಲ್ಲಿ ಇಪ್ಪತ್ತು ಜನ. ಮುಂದಕ್ಕೆ ಹೋಯಿತು ಅಂದರೆ ಮರುವಾರವೇ ಮೂರು ಜನ. ಒಳಮೀಸಲಾತಿ ವರದಿ ಬರುವ ತನಕ ಹೊಸ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ವರದಿ ಸರ್ಕಾರದ ಕೈಸೇರಿದ್ದು 2025ರ ಆಗಸ್ಟ್‌ನಲ್ಲಿ. ಈ ಹತ್ತು ತಿಂಗಳಲ್ಲಿ ಮೈದಾನ ಖಾಲಿಯಾಗಿದ್ದನ್ನು ಕಣ್ಣಾರೆ ನೋಡಿದ್ದೇವೆ. ಹಿಂದಿನ ಅಧಿಸೂಚನೆಗಳಲ್ಲಿ ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಗಳಿಗೆ 27. ಹತ್ತು ತಿಂಗಳು ಅಂದರೆ ಆ ಹುಡುಗರಿಗೆ ಸಣ್ಣ ಲೆಕ್ಕವಲ್ಲ.

ಆಗಲೇ ನಮಗೆ ಅನ್ನಿಸಿದ್ದು: ಓಡೋದಕ್ಕೆ ಒಂದು ದಿನಾಂಕ ಬೇಕು, ಆದರೆ ಆ ದಿನಾಂಕವನ್ನು ಬೇರೆಯವರು ಕೊಡಲಿ ಅಂತ ಯಾಕೆ ಕಾಯಬೇಕು? ನಾವೇ ಗುರುತು ಹಾಕಿಕೊಂಡರೆ ಆಗದೇ?

ಇದು ರೈತರಿಗೆ ಹೊಸದೇನಲ್ಲ. ಭದ್ರಾ ನಾಲೆಗೆ ನೀರು ಬಿಡುವ ದಿನ ಗೊತ್ತಾದರೆ ಸಾಕು, ಸಸಿಮಡಿ ಯಾವತ್ತು, ನಾಟಿ ಯಾವತ್ತು ಅಂತ ಹೊನ್ನಾಳಿ ಕಡೆಯವರು ಬೆರಳಲ್ಲೇ ಎಣಿಸುತ್ತಾರೆ. ಓಟದಲ್ಲೂ ಹಾಗೆ ಎಣಿಸುವವರು ಒಬ್ಬರಿದ್ದರು, ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಅವರು ತಯಾರು ಮಾಡಿದ ಇಬ್ಬರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ. ದೊಡ್ಡ ಓಟದ ದಿನದಿಂದ ಹಿಂದಕ್ಕೆ ಎಣಿಸೋದು ಅವರ ಪದ್ಧತಿ. ಮೊದಲು ಕೆಲವು ತಿಂಗಳು ನಿಧಾನವಾಗಿ ದೂರದೂರ, ಆಮೇಲೆ ಗುಡ್ಡ ಹತ್ತೋದು, ಆಮೇಲೆ ವೇಗ, ಕೊನೆಗೆ ಕಡಿಮೆ ಮಾಡಿ ದೇಹಕ್ಕೆ ಬಿಡುವು.

ನಮ್ಮಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ದೂರಕ್ಕೆ ನಾಲೆ ಏರಿ ಇದೆ, ಸೂಳೆಕೆರೆ ಏರಿ ಇದೆ. ಗುಡ್ಡಕ್ಕೆ ನ್ಯಾಮತಿ ಕಡೆ ಬೆಳಗುತ್ತಿಯ ತೀರ್ಥರಾಮೇಶ್ವರ ಇದೆ. ವೇಗಕ್ಕೆ ತಾಲ್ಲೂಕು ಮೈದಾನ. ಜಗಳೂರಿನವನಿಗೆ ಹತ್ತಿರದಲ್ಲೇ ರಂಗಯ್ಯನದುರ್ಗದ ಕಾಡಿದೆ, ಆದರೆ ಅದು ಕೊಂಡುಕುರಿ ವನ್ಯಧಾಮ. ಒಳಗೆ ಹೋಗಿ ಓಡುವಂತಿಲ್ಲ. ಅವನು ಡಾಂಬರು ರಸ್ತೆಯಲ್ಲೇ ಓಡಬೇಕು.

ಓಟ ಆರಿಸುವಾಗ ನಾವು ಮೊದಲು ನೋಡೋದು ಕೆಲಸದ ಕ್ಯಾಲೆಂಡರನ್ನು. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲು ಜೋರಾದರೆ ಮನೆಮಂದಿಯೆಲ್ಲ ರಾತ್ರಿ ಸುಲಿಯುತ್ತಾ ಕೂರುತ್ತಾರೆ. ಬೆಳಗ್ಗೆ ನಾಲ್ಕೂವರೆಗೆ ಏಳು ಅಂದರೆ ಯಾರು ಏಳುತ್ತಾರೆ? ಫೆಬ್ರುವರಿಯಲ್ಲಿ ನ್ಯಾಮತಿಯವರಿಗೆ ಬಿಡುವಿಲ್ಲ. ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಮಾಲೆ ಹಾಕಿದವರು ದೂರದಿಂದ ನಡೆದು ಬರುತ್ತಾರೆ, ಆ ವಾರ ಸುದ್ದಿಯೇ ಓಟ. ಬೇಸಿಗೆಯಲ್ಲಿ ಜಗಳೂರಿನ ಬಿಸಿಲಿಗೆ ಏಳು ಗಂಟೆ ಮೇಲೆ ಓಡೋದು ಹುಚ್ಚುತನ. ಇವನ್ನೆಲ್ಲ ಬಿಟ್ಟು ಉಳಿದ ಜಾಗದಲ್ಲಿ ಗುರುತು ಹಾಕುತ್ತೇವೆ. ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲೇ.

ವರ್ಷಕ್ಕೆ ದೊಡ್ಡದು ಒಂದೋ ಎರಡೋ, ಸಾಕು. ಒಂದು, ಬೆಂಗಳೂರಿನ ವರ್ಲ್ಡ್ 10ಕೆ. 2008ರಿಂದ ನಡೆಯುತ್ತಿದೆ, ಏಪ್ರಿಲ್ ಕೊನೆ ಅಥವಾ ಮೇನಲ್ಲಿ ಬರುತ್ತದೆ. ಹೊರದೇಶದ ಓಟಗಾರರು ಓಡಿದ ರಸ್ತೆಯಲ್ಲೇ ನಾವೂ ಓಡಬಹುದು. ಇನ್ನೊಂದು, ಶ್ರೀರಂಗಪಟ್ಟಣದ ಕಾವೇರಿ ಟ್ರಯಲ್ ಮ್ಯಾರಥಾನ್. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ನಾಲೆ ಪಕ್ಕದ ಮಣ್ಣಿನ ದಾರಿ, ಎರಡೂ ಕಡೆ ಹಸಿರು. ನಾಲೆ ಏರಿಯಲ್ಲೇ ಬೆಳೆದವರಿಗೆ ಹೇಳಿ ಮಾಡಿಸಿದಂಥ ಓಟ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ 50, 100 ಕಿ.ಮೀ.ಗಳ ಮಲ್ನಾಡ್ ಅಲ್ಟ್ರಾ ಇದೆ. ಅದರ ಫೋಟೋ ನೋಡಿ ಸುಮ್ಮನಾಗಿದ್ದೇವೆ.

ಆದರೆ ಇವಕ್ಕೆ ದುಡ್ಡು ಬೇಕು. ಪ್ರವೇಶ ಶುಲ್ಕ, ಬಸ್ಸು, ರಾತ್ರಿ ಉಳಿಯೋದು ಎಲ್ಲ ಸೇರಿದರೆ ಸುದ್ದಿಗೆ ಇಷ್ಟು ಅಂತ ಎಣಿಸಿಕೊಳ್ಳುವ ನಮ್ಮಂಥವರಿಗೆ ಭಾರವೇ. ಹೊನ್ನಾಳಿಯವರು ಮೊದಲ ಸಲ ಪದಕ ತಂದಾಗ ಅವರ ಅವ್ವ ಕೇಳಿದ್ದರು, "ಎಷ್ಟನೇ ಬಹುಮಾನನಪ್ಪ?" ಓಡಿ ಮುಗಿಸಿದವರಿಗೆಲ್ಲ ಕೊಡುತ್ತಾರೆ ಅಂದರೆ, "ಹಂಗಾರೆ ದುಡ್ಡು ಕೊಟ್ಟು ತಗಂಡ್ ಬಂದಂಗಾತು" ಅಂದರಂತೆ. ಅವ್ವನ ಲೆಕ್ಕ ಸರಿಯಾಗಿಯೇ ಇದೆ. ಆದರೂ ಆ ಪದಕ ಟಿವಿ ಪಕ್ಕದಲ್ಲಿ ತೂಗುತ್ತಿದೆ.

ದುಡ್ಡಿಲ್ಲದ ಓಟಗಳೇ ನಮ್ಮ ವರ್ಷವನ್ನು ತುಂಬುತ್ತವೆ. ಜೂನ್ 23 ಒಲಿಂಪಿಕ್ ದಿನ, ಅಕ್ಟೋಬರ್ 31 ಏಕತಾ ಓಟ. ಗಣಪತಿ, ರಾಜ್ಯೋತ್ಸವಕ್ಕೆ ಸಂಘದವರು ಮಾಡುವ ಓಟಗಳು. ಕಾಲೇಜಿನವರಿಗೆ ಅಂತರ ಕಾಲೇಜು ಗುಡ್ಡಗಾಡು ಓಟ. ಇವೆಲ್ಲಕ್ಕಿಂತ ನಾವು ಹೆಚ್ಚು ಹೇಳೋದು ದಸರಾ ಕ್ರೀಡಾಕೂಟದ ಬಗ್ಗೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ತಾಲ್ಲೂಕು ಮಟ್ಟದಿಂದಲೇ ಇದನ್ನು ನಡೆಸುತ್ತದೆ. ಅಲ್ಲಿ ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ, ಕೊನೆಗೆ ಮೈಸೂರು. ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತದೆ. ಅದನ್ನು ಕಳಿಸುವವರೇ ನಾವು. ಈಗ ಪತ್ರಿಕೆಗೆ ಕಳಿಸಿದ ಕೂಡಲೇ ಹುಡುಗರ ವಾಟ್ಸ್‌ಆ್ಯಪ್ ಗುಂಪಿಗೂ ಹಾಕುತ್ತೇವೆ.

ಒಂದು ಎಚ್ಚರಿಕೆ ಇದೆ. ಸಿಕ್ಕ ಓಟಕ್ಕೆಲ್ಲ ಹೆಸರು ಕೊಟ್ಟು ಪ್ರತಿ ಭಾನುವಾರ ಪ್ರಾಣ ಬಿಟ್ಟು ಓಡಿದರೆ ಮೂರೇ ತಿಂಗಳಲ್ಲಿ ಮೊಣಕಾಲು ಮಾತಾಡುತ್ತದೆ. ಸಣ್ಣ ಓಟಗಳನ್ನು ಅಭ್ಯಾಸ ಅಂತಲೇ ಓಡಬೇಕು. ದೊಡ್ಡದು ಮುಗಿದ ಮೇಲೆ ಎರಡು ವಾರ ಹಗುರ.

ಹೆಣ್ಣುಮಕ್ಕಳ ವಿಷಯದಲ್ಲಿ ನಮಗೆ ಒಂದು ತಕರಾರಿದೆ. ಪೊಲೀಸ್ ಪರೀಕ್ಷೆಯಲ್ಲಿ ಅವರಿಗೆ ಇಟ್ಟಿರೋದು 400 ಮೀಟರ್, ಎರಡು ನಿಮಿಷ. ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬರುವ ಹುಡುಗಿಗೆ ಅದು ಏನೂ ಅಲ್ಲ. ಅಷ್ಟೇ ಸಾಕು ಅಂತ ಅವರೂ ಅಷ್ಟಕ್ಕೇ ನಿಲ್ಲಿಸುತ್ತಾರೆ. ಐದು ಕಿ.ಮೀ. ಓಟವೊಂದಕ್ಕೆ ಗುರುತು ಹಾಕಿಕೊಂಡವರು ಹಾಗೆ ನಿಲ್ಲಿಸಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತವಾದ ಮೇಲೆ ಜಿಲ್ಲಾ ಕೇಂದ್ರದ ಓಟಕ್ಕೆ ಹೋಗಿಬರೋದು ಖರ್ಚಿನ ಮಾತಾಗಿ ಉಳಿದಿಲ್ಲ. ಉಳಿದಿರೋದು ಮನೆಯವರ ಒಪ್ಪಿಗೆ, ಕತ್ತಲಲ್ಲಿ ಓಡುವ ಭಯ, ಬೀದಿನಾಯಿ. ಹೊನ್ನಾಳಿಯಲ್ಲಿ ಒಬ್ಬ ಹುಡುಗಿಯ ತಾಯಿ ತಾವೇ ಮೈದಾನಕ್ಕೆ ಬಂದು ಕಟ್ಟೆ ಮೇಲೆ ಕೂರುತ್ತಿದ್ದರು. ಈಗ ಮೂರು ಸುತ್ತು ನಡೆಯುತ್ತಾರೆ.

ಅಧಿಸೂಚನೆ ಬರಲಿ, ಬರದಿರಲಿ, ಈ ಗುಂಪಿನಲ್ಲಿ ಈಗ ಆರೇಳು ಜನ ವರ್ಷಪೂರ್ತಿ ಉಳಿದಿದ್ದಾರೆ. ಒಬ್ಬನಿಗೆ ವಯಸ್ಸು ಮೀರಿತು. ಆ ವಾರ ಅವನು ಬರಲಿಲ್ಲ, ನಾವೂ ಕೇಳಲಿಲ್ಲ. ಮುಂದಿನ ಸೋಮವಾರ ಬಂದು, "ಸಾರ್, ದಸರಾದಲ್ಲಿ ಐದು ಸಾವಿರ ಮೀಟರ್ ಯಾವತ್ತು?" ಅಂದ.

ದಿನಾಂಕ ಇನ್ನೂ ಬಂದಿಲ್ಲ. ಬಂದ ಕೂಡಲೇ ಹಾಕುತ್ತೇವೆ. ಆ ದಿನ ಜಗಳೂರಿನ ಸುದ್ದಿ ಯಾರು ನೋಡಿಕೊಳ್ಳಬೇಕು ಅನ್ನೋದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.