ಕೂಲಿ ಕಾಲಂ ಖಾಲಿ

ನನ್ನ ಲ್ಯಾಪ್‌ಟಾಪಿನಲ್ಲಿ ‘ಬೋಟ್ ಖರ್ಚು’ ಅಂತ ಒಂದು ಎಕ್ಸೆಲ್ ಶೀಟ್ ಇದೆ. ಮರೀನ್ ಪ್ಲೈವುಡ್, ರೆಸಿನ್, ಸ್ಟೀಲ್ ಸ್ಕ್ರೂ, ಹಗ್ಗ, ಟಾರ್ಪಾಲು, ಬೆಂಗಳೂರಿನಿಂದ ಗಂಗೊಳ್ಳಿಗೆ ಟೆಂಪೋ ಬಾಡಿಗೆ, ಎಲ್ಲದಕ್ಕೂ ಪೈಸೆ ಪೈಸೆ ಲೆಕ್ಕ. ಪಕ್ಕದಲ್ಲಿ ‘ಕೂಲಿ’ ಅಂತ ಇನ್ನೊಂದು ಕಾಲಂ. ಅದು ಹೆಚ್ಚುಕಡಿಮೆ ಖಾಲಿ. ಎರಡು ತಿಂಗಳು ಏಳೆಂಟು ಜನ ನನ್ನ ದೋಣಿಗೆ ಕೈಹಾಕಿದ್ದಾರೆ, ಒಬ್ಬರೂ ನೆಟ್ಟಗೆ ದುಡ್ಡು ತಗೊಂಡಿಲ್ಲ. ಆಚಾರ್ರಿಗೆ ಒಮ್ಮೆ ಮೂರು ಸಾವಿರ ಫೋನ್‌ಪೇ ಮಾಡಿದೆ. ಸಂಜೆಯೊಳಗೆ 2,250 ವಾಪಸ್ ಬಂತು. ಉಳಿದ 750 ಅವರ ಕೂಲಿಯಲ್ಲ, ಅವರೇ ಅಂಗಡಿಯಿಂದ ತಂದ ಅಂಟು, ಮೊಳೆಗಳದ್ದು.

ಬಂದರಿನ ಈ ಜನರ ಬಗ್ಗೆ ಬರೀತೀನಿ ಅಂದಾಗ, “ಹೆಸ್ರೆಲ್ಲ ಹಾಕ್ಬೇಡ ಮಾಣಿ” ಅಂದರು. ಹಾಗಾಗಿ ಇಲ್ಲಿ ಆಚಾರ್ರು, ಫೈಬರ್ ಅಣ್ಣ, ಬಲೆ ಮಾವ, ಅಜ್ಜ, ಅಷ್ಟೇ.

ದೋಣಿ ಅಂದಕೂಡಲೇ ಸಿನಿಮಾದ ಬಿಳಿ ಯಾಟ್ ಕಲ್ಪಿಸಿಕೊಳ್ಳಬೇಡಿ. ಇದು ಎಂಟರ್‌ಪ್ರೈಸ್ ಅನ್ನೋ ಜಾತಿಯ ಪುಟ್ಟ ಹಾಯಿದೋಣಿ. ಜ್ಯಾಕ್ ಹೋಲ್ಟ್ ಅನ್ನೋ ಇಂಗ್ಲೆಂಡಿನವರು 1956ರಲ್ಲಿ ವಿನ್ಯಾಸ ಮಾಡಿದ್ದು. 13 ಅಡಿ ಚಿಲ್ಲರೆ ಉದ್ದ, ಎರಡು ನೀಲಿ ಹಾಯಿ, ಇಬ್ಬರು ಕೂರಬಹುದು, ಎಂಜಿನ್ ಇಲ್ಲ. ಪ್ಲೈವುಡ್ಡಿನಲ್ಲಿ ಮಾಡಿದ ನನ್ನದು ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿತ್ತು. ಹೊಸ ಬುಲೆಟ್ ಬೈಕಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿತು. ತಳದ ಒಂದು ಹಲಗೆ ಬೆರಳಿನಲ್ಲಿ ಒತ್ತಿದರೆ ರಸ್ಕಿನ ಹಾಗೆ ಪುಡಿಯಾಗುತ್ತಿತ್ತು.

ನನ್ನ ಪ್ಲಾನ್ ಸರಳ. ದೊಡ್ಡಮ್ಮನ ಮನೆ ಗಂಗೊಳ್ಳಿಯಲ್ಲಿದೆ, ಆಫೀಸಿನವರು ವರ್ಕ್ ಫ್ರಂ ಹೋಮ್ ಕೊಟ್ಟಿದ್ದಾರೆ. ಮಳೆಗಾಲದಲ್ಲಿ ದೋಣಿ ರಿಪೇರಿ, ನವೆಂಬರಿನಲ್ಲಿ ಅಳಿವೆ ದಾಟಿ ಸಮುದ್ರಕ್ಕೆ, ಅಲ್ಲಿಂದ ಬಡಗಣ ದಿಕ್ಕಿಗೆ ಮರವಂತೆಯವರೆಗೆ. ಗೂಗಲ್ ಮ್ಯಾಪಿನಲ್ಲಿ ನೋಡಿದರೆ ಅದೆಷ್ಟು ದೂರ ಮಹಾ!

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಒಟ್ಟು 61 ದಿನ. ಮೀನಿಗೆ ಮರಿ ಮಾಡಲು ರಜೆ, ಬೋಟುಗಳಿಗೆ ಆಸ್ಪತ್ರೆಯ ಸೀಸನ್. ದಕ್ಕೆಯ ಉದ್ದಕ್ಕೂ ಬಡಿಯುವ, ಉಜ್ಜುವ, ವೆಲ್ಡಿಂಗಿನ ಸದ್ದು. ಆಗಸ್ಟಿಗೆ ಮೊದಲು ಎಲ್ಲ ಮುಗಿಯಬೇಕು, ಒಬ್ಬರಿಗೂ ಪುರುಸೊತ್ತಿಲ್ಲ. ಅಂಥ ಜಾಗದ ಒಂದು ಮೂಲೆಯಲ್ಲಿ ನಾನು ಯೂಟ್ಯೂಬ್ ನೋಡಿಕೊಂಡು ಪ್ಲೈವುಡ್ ಕೊಯ್ಯುತ್ತಾ ಕೂತಿದ್ದೆ. ಮೊದಲ ವಾರ ಬಂದದ್ದು ಬರೀ ಪ್ರಶ್ನೆಗಳು. “ಇಂಜಿನ್ ಎಲ್ಲಿತ್?” “ಗಾಳಿ ಇಲ್ದಿರೆ ಎಂತ ಮಾಡ್ತೆ?” “ಮೀನ್ ಹಿಡುಕಲ್ದಾ? ಮತ್ತೆಂತಕೆ?” ಕೊನೆಯ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಎರಡನೇ ವಾರ ಆಚಾರ್ರು ಬಂದು, ನನ್ನ ಕೈಯಿಂದ ಗರಗಸ ತಗೊಂಡು, ನಾನು ಕೊಯ್ದ ತುಂಡನ್ನು ಪಕ್ಕಕ್ಕಿಟ್ಟು ಹೊಸದು ಕೊಯ್ದರು. ಒಂದು ಮಾತಿಲ್ಲ. ಚುಕ್ಕಾಣಿಯ ಹಿಡಿ ಬಿರುಕು ಬಿಟ್ಟಿದ್ದನ್ನು ನೋಡಿ, ಯಾವುದೋ ಬೋಟಿಗೆ ತಂದು ಉಳಿದಿದ್ದ ಹೆಬ್ಬಲಸಿನ ತುಂಡಿನಿಂದ ಹೊಸ ಹಿಡಿ ಕೆತ್ತಿ ಮರುದಿನ ತಂದಿಟ್ಟರು.

ಫೈಬರ್ ಅಣ್ಣನದ್ದು ಬೇರೆ ಸ್ಟೈಲು, ಬೈದುಕೊಂಡೇ ಕೆಲಸ. ನಾನು ಡಬ್ಬದ ಮೇಲೆ ಬರೆದಷ್ಟೇ ಹಾರ್ಡನರ್ ಹಾಕಿ ರೆಸಿನ್ ಕಲಸಿ ಹಚ್ಚೋಣ ಅಂದರೆ ಬಿಡಲಿಲ್ಲ. ಜುಲೈ ತಿಂಗಳ ಗಂಗೊಳ್ಳಿಯ ಗಾಳಿಯಲ್ಲಿ ನೀರು ತೇಲುತ್ತಿರುತ್ತದೆ, ಮರವೂ ಒದ್ದೆ. ಒದ್ದೆ ಮರಕ್ಕೆ ರೆಸಿನ್ ಹಿಡಿಯುವುದಿಲ್ಲ, ಮೇಲೆ ಗಟ್ಟಿ ಕಂಡರೂ ಒಂದೇ ಸೀಸನ್ನಿಗೆ ಸಿಪ್ಪೆ ಎದ್ದುಬರುತ್ತದೆ. ಟಾರ್ಪಾಲಿನ ಕೆಳಗೆ ಬಲ್ಬು ಕಟ್ಟಿ ಮೈ ಒಣಗಿಸಿದೆವು. ಐದು ದಿನ ಬಿಸಿಲಿಗಾಗಿ ಕಾದೆವು. ಆರನೇ ದಿನ ಬೆಳಿಗ್ಗೆ ನಾನು ಸ್ಪ್ರಿಂಟ್ ಮೀಟಿಂಗಿನಲ್ಲಿದ್ದಾಗ ಫೋನ್: “ಬಿಸ್ಲ್ ಬಂತ್, ನೀ ಎಲ್ಲಿದ್ದೆ?” ಕ್ಯಾಮೆರಾ ಆಫ್ ಮಾಡಿ ಓಡಿದೆ. ನಾನು ತಲುಪುವಾಗ ಅರ್ಧ ತಳಕ್ಕೆ ಮ್ಯಾಟ್ ಹಾಸಿ ಆಗಿತ್ತು.

ಬಲೆ ಮಾವ ಹರಿದ ಹಾಯಿಯನ್ನು ಮಡಿಲಲ್ಲಿ ಹಾಕಿಕೊಂಡು, ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಜೀವ ಇದೆ ಎಲ್ಲಿ ಇಲ್ಲ ಅಂತ ಮುಟ್ಟಿ ಮುಟ್ಟಿ ನೋಡಿದರು. ನಾನು ಹಾಯಿ ಏರಿಸಲು ತಂದಿದ್ದ ನೈಲಾನ್ ಹಗ್ಗವನ್ನು ಒಮ್ಮೆ ಜಗ್ಗಿ ಪಕ್ಕಕ್ಕೆ ಎಸೆದರು. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ, ಗಾಳಿ ಜೋರಾದಾಗ ಹಾಯಿ ಜೋತುಬೀಳುತ್ತದೆ. ಪಾಲಿಯೆಸ್ಟರ್ ತಾ ಅಂದರು. ಹಾಯಿದೋಣಿಯ ಪುಸ್ತಕಗಳಲ್ಲೂ ಅದೇ ಇದೆ. ಮಾವ ಆ ಪುಸ್ತಕ ಓದಿಲ್ಲ, ಹಗ್ಗ ಓದಿದ್ದಾರೆ.

ಇಷ್ಟೆಲ್ಲ ಆದಮೇಲೆ ನನಗೆ ಸಂಕೋಚ ಶುರುವಾಯಿತು. ನಮ್ಮಂಥವರಿಗೆ ಇದೊಂದು ಕಾಯಿಲೆ. ಡೆಲಿವರಿ ಹುಡುಗನಿಗೆ ಟಿಪ್ಪು, ಫೈವ್ ಸ್ಟಾರು, ಅಲ್ಲಿಗೆ ಋಣ ಮುಗಿಯಿತು. ಮುಗಿಯದ ಋಣ ಇದ್ದರೆ ನಿದ್ದೆ ಬರಲ್ಲ. ಬೆಂಗಳೂರಿಗೆ ಹೋಗಿ ಬರುವಾಗ ಸ್ವೀಟ್ ಬಾಕ್ಸ್ ತಂದೆ. ತಿಂದರು, ಚೆನ್ನಾಗಿದೆ ಅಂದರು, ಅಷ್ಟೇ. ಒಂದು ಸಂಜೆ ಅಜ್ಜನ ಹತ್ತಿರ ನೇರವಾಗಿ ಕೇಳಿಬಿಟ್ಟೆ, “ಅಜ್ಜ, ಇವರೆಲ್ಲ ತಮ್ಮ ಕೆಲಸ ಬಿಟ್ಟು ನನಗ್ಯಾಕೆ ಮಾಡ್ತಿದಾರೆ?”

ಅಜ್ಜ ಎಲೆಯಡಿಕೆ ಉಗಿದು ಬಂದು ಹೇಳಿದರು, “ನಿಂಗ್ ಮಾಡದ್ದಲ್ಲ ಮಾಣಿ. ನೀ ಅಳ್ವಿಯಂಗ್ ಸಿಕ್ಹಾಕಂಡ್ರೆ ಹುಡ್ಕುಕೆ ಹೋಪರ್ ಯಾರ್? ನಾವೇ ಅಲ್ದಾ?”

ನನ್ನೊಳಗೆ ಬೆಳೆಯುತ್ತಿದ್ದ ‘ಹಳ್ಳಿಯ ಮುಗ್ಧ ಜನರ ಪ್ರೀತಿ’ ಅನ್ನೋ ಇನ್‌ಸ್ಟಾಗ್ರಾಂ ಪೋಸ್ಟ್ ಅಲ್ಲೇ ಸತ್ತಿತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾದದ್ದು ನಿಮಗೆ ನೆನಪಿರಬಹುದು. ಅವಶೇಷ ಪತ್ತೆಯಾಗಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಆಚೆ, ಸಮುದ್ರದ ತಳದಲ್ಲಿ. ನಮಗೆ ಅದು ಸ್ಕ್ರಾಲ್ ಮಾಡಿ ಮುಂದೆ ಹೋದ ಸುದ್ದಿ. ಇಲ್ಲಿ ಅದರ ಮಾತು ಬಂದರೆ ಈಗಲೂ ಕೆಲಸದ ಸದ್ದು ಒಂದು ಕ್ಷಣ ನಿಲ್ಲುತ್ತದೆ. ಈ ದಕ್ಕೆಯಿಂದ ಹೊರಡುವ ಯಾವ ದೋಣಿಯೂ ಬರೀ ಮಾಲೀಕನದ್ದಲ್ಲ. ಅದು ಬಾರದಿದ್ದರೆ ನಡುರಾತ್ರಿ ಎದ್ದು ಹೋಗುವವರದ್ದೂ ಹೌದು. ಆಚಾರ್ರು ನನ್ನ ಕೈಯಿಂದ ಗರಗಸ ಯಾಕೆ ಕಿತ್ತುಕೊಂಡರು ಅಂತ ಆಗ ಗೊತ್ತಾಯಿತು.

ಆ ಮೇಲೆ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದೆ. ದೋಣಿಯನ್ನು ತೇಲಿಸಿ ಹಿಡಿಯುವ ಗಾಳಿಚೀಲಗಳು ಹರಿದುಹೋಗಿದ್ದವು. ಬಲೆ ಮಾವ 20 ಲೀಟರಿನ ಖಾಲಿ ಕ್ಯಾನುಗಳ ಮುಚ್ಚಳಕ್ಕೆ ಅಂಟು ಬಳಿದು, ಹಳೆ ಬಲೆಯಲ್ಲಿ ಸುತ್ತಿ ಸೀಟಿನ ಕೆಳಗೆ ಬಿಗಿದರು. ಕೂವೆಮರದ ತುದಿಗೆ ಕಿತ್ತಳೆ ಬಣ್ಣದ ಒಂದು ತೇಲುಗುಂಡು ಕಟ್ಟಿದರು, ಮಗುಚಿದರೂ ದೋಣಿ ಪೂರ್ತಿ ತಲೆಕೆಳಗಾಗದಿರಲಿ ಅಂತ. ನೋಡಲು ದೃಷ್ಟಿಗೊಂಬೆಯ ಹಾಗೆ ಕಾಣುತ್ತದೆ, ಇರಲಿ.

ಸೆಪ್ಟೆಂಬರಿನಲ್ಲಿ ಪರೀಕ್ಷೆ. “ಮೊದ್ಲ್ ಇಲ್ಲೇ ಮಗುಚಿ ತೋರ್ಸ್” ಅಂದರು ಅಜ್ಜ. ದಕ್ಕೆಯ ಪಕ್ಕದ ನಿಂತ ನೀರಿನಲ್ಲಿ, ಐವತ್ತು ಜನರ ಎದುರು, ನಾನು ನನ್ನ ದೋಣಿಯನ್ನು ಬೇಕೆಂದೇ ಮಗುಚಿದೆ. ಮೂರು ಸಲ. ಮೀನು ಮಾರುವ ಅಕ್ಕಂದಿರು ಬುಟ್ಟಿ ಇಳಿಸಿ ನಿಂತು ನೋಡಿದರು. ಮೂರನೇ ಸಲ ಒಬ್ಬನೇ ಅದನ್ನು ಎಬ್ಬಿಸಿ, ಒಳಗೆ ಹತ್ತಿ, ನೀರು ತೋಡಿ ಹಾಕಿದಾಗ ಚಪ್ಪಾಳೆ ಬಿತ್ತು. ಫೈಬರ್ ಅಣ್ಣ ಮಾತ್ರ ಚಪ್ಪಾಳೆ ತಟ್ಟದೆ ತಳದಲ್ಲಿ ಎಲ್ಲಾದರೂ ನೀರು ಜಿನುಗುತ್ತಿದೆಯಾ ಅಂತ ಟಾರ್ಚ್ ಹಾಕಿ ನೋಡುತ್ತಿದ್ದರು.

ಅಷ್ಟರಲ್ಲಿ ನನಗೂ ಒಂದು ಕೆಲಸ ಸಿಕ್ಕಿತ್ತು. ಬೋಟಿನ ನೋಂದಣಿ, ವಿಮೆ, ಬ್ಯಾಂಕು, ಎಲ್ಲದಕ್ಕೂ ಆನ್‌ಲೈನ್ ಫಾರಂ, ಅದೂ ಇಂಗ್ಲಿಷಿನಲ್ಲಿ. ಸಂಜೆ ಹೊತ್ತು ದೊಡ್ಡಮ್ಮನ ಜಗಲಿಯಲ್ಲಿ ನಾಲ್ಕು ಜನ ಕಡತ ಹಿಡಿದು ಕೂತಿರುತ್ತಿದ್ದರು. ಒಬ್ಬರೂ ಥ್ಯಾಂಕ್ಸ್ ಹೇಳಲಿಲ್ಲ. ನನಗೆ ಅದೆಷ್ಟು ಖುಷಿಯಾಯಿತು ಅಂದರೆ! ಹಿಂದೆ ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈಕೊಟ್ಟವರಿಗೆಲ್ಲ ಮೀನಿನಲ್ಲಿ ಪಾಲು ಇರುತ್ತಿತ್ತಂತೆ, ಅಲ್ಲೂ ಯಾರೂ ಥ್ಯಾಂಕ್ಸ್ ಹೇಳಿರಲಿಕ್ಕಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ, ಸಮುದ್ರದ ಗಾಳಿ ಶುರುವಾದ ಮೇಲೆ, ಅಜ್ಜನನ್ನು ಮುಂದೆ ಕೂರಿಸಿಕೊಂಡು ಹೊರಟೆ. ಹುಡುಗನಾಗಿದ್ದಾಗ ಹೆಂಚು ಸಾಗಿಸುವ ಮಚವೆಯಲ್ಲಿ ದುಡಿದವರು. ಹಾಯಿಯ ಹಗ್ಗ ಮುಟ್ಟಿ ಐವತ್ತು ವರ್ಷದ ಮೇಲಾಗಿತ್ತು. ಐದು ನದಿಗಳು ಸೇರುವ ಪಂಚಗಂಗಾವಳಿಯ ಅಗಲ ನೀರು, ಎದುರು ದಡದಲ್ಲಿ ಕುಂದಾಪುರ. ನಾನು ಕೋರ್ಸಿನಲ್ಲಿ ಕಲಿತ ಹಾಗೆ ಹಾಯಿಯನ್ನು ಬಿಗಿಯಾಗಿ ಎಳೆದು ಹಿಡಿದಿದ್ದೆ.

“ಹಗ್ಗ ಸಡ್ಲ ಬಿಡ್. ಅದ್ಕೆ ಉಸ್ರ್ ಬಿಡುಕೆ ಜಾಗ ಬೇಕ್.”

ಒಂದು ಗೇಣು ಬಿಟ್ಟೆ. ದೋಣಿ ಸರ್‍ರನೆ ಮುಂದೆ ಹೋಯಿತು. ಆ ಉಮೇದಿನಲ್ಲಿ ಮೂತಿಯನ್ನು ನಿಧಾನಕ್ಕೆ ಪಡುವಣಕ್ಕೆ, ಅಳಿವೆಯ ಕಡೆಗೆ ತಿರುಗಿಸಿದೆ. ದೂರದಲ್ಲಿ ಅಲೆ ಒಡೆಯುವ ಬಿಳಿ ಗೆರೆ ಕಂಡಿತು. ಅಜ್ಜ ಹಿಂದೆ ತಿರುಗಲಿಲ್ಲ. ಕೈ ಮಾತ್ರ ಹಿಂದೆ ಚಾಚಿ, ಹೆಬ್ಬಲಸಿನ ಹಿಡಿಯನ್ನು ಹಿಡಿದು, ದೋಣಿಯನ್ನು ಮತ್ತೆ ಹೊಳೆಯ ಕಡೆ ತಿರುಗಿಸಿದರು.

“ಈ ವರ್ಷ ಇಲ್ಲಿವರೆಗೆ ಸಾಕ್.”