ಕಿವಿ ಮಷೀನು: ರೇಟು ಕೇಳೋ ಮೊದಲು

"ಅಪ್ಪನ ಕಿವಿ ಮಷೀನಿಗೆ ಎಷ್ಟಾಯ್ತು?" ಅಂತ ಸ್ಟೋರಿ ನೋಡಿ ತುಂಬಾ ಜನ ಮೆಸೇಜ್ ಮಾಡಿದ್ರಿ. ಒಂದು ಸಾಲಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ. ಅದಕ್ಕೇ ಇವತ್ತಿನ ಕ್ಯಾಪ್ಷನ್ ಉದ್ದ.

ಅಪ್ಪ ಭದ್ರಾವತಿಯಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ವರ್ಷಗಟ್ಟಲೆ ಗದ್ದಲದಲ್ಲಿ ನಿಂತ ಕಿವಿಗೆ ಮೊದಲು ಕೈಕೊಡೋದು ಕೀಚಲು ಶಬ್ದಗಳು. ಅಂದ್ರೆ ಸ, ಶ, ತ, ಕ ಥರದ ವ್ಯಂಜನಗಳು ಜಾರಿಹೋಗ್ತವೆ, ಸ್ವರ ಮಾತ್ರ ಉಳಿಯುತ್ತೆ. ಅಮ್ಮ "ಹಾಲು ಬೇಕು" ಅಂದ್ರೆ ಅಪ್ಪ "ಸಾಲ ಯಾಕೆ?" ಅನ್ನೋರು. ಗೊತ್ತಾದಾಗ ಅವರೇ ಎಲ್ಲರಿಗಿಂತ ಜೋರಾಗಿ ನಗೋರು.

ಆಮೇಲೆ ನಗು ನಿಂತಿತು. ಮಾತೂ ಕಮ್ಮಿ ಆಯ್ತು. ಫೋನ್ ಬಂದ್ರೆ ಅಮ್ಮನ ಕೈಗೆ. ಮದುವೆ ಮನೇಲಿ ಊಟ ಮುಗೀತಿದ್ದಂಗೆ ಚಪ್ಪಲಿ ಹುಡುಕೋರು. "ಕೇಳಿಸ್ತದೆ ಕಣೋ, ಅರ್ಥ ಆಗಲ್ಲ" ಅಂದ್ರು ಒಂದಿನ. ಇದು ಸತ್ಯ. ನಾವು ಕಿರುಚಿದ್ರೆ ಸ್ವರ ದೊಡ್ಡದಾಗುತ್ತೆ, ಹೋದ ವ್ಯಂಜನ ವಾಪಸ್ ಬರಲ್ಲ.

ಎಲ್ಲ ಶಬ್ದವನ್ನೂ ಒಂದೇ ಸಮ ಜೋರು ಮಾಡೋ ಅಗ್ಗದ ಯಂತ್ರ ಇದಕ್ಕೆ ಸಾಲದು. ಡಿಜಿಟಲ್ ಮಷೀನು ಶಬ್ದವನ್ನ ಬೇರೆ ಬೇರೆ ಚಾನೆಲ್‌ಗೆ ಹಂಚಿ, ಎಲ್ಲಿ ಕೊರತೆ ಇದೆಯೋ ಅಲ್ಲಿ ಹೆಚ್ಚಿಸುತ್ತೆ. ಕೊರತೆ ಎಲ್ಲಿದೆ ಅಂತ ಹೇಳೋದು ಆಡಿಯೋಗ್ರಾಮ್.

ಬೆಂಗಳೂರಿನ ಒಂದು ಶೋರೂಮಲ್ಲಿ ಜೋಡಿಗೆ ₹1,20,000 ಹೇಳಿದ್ರು. ಶಿವಮೊಗ್ಗದ ದುರ್ಗಿಗುಡಿಯ ಚಿಕ್ಕ ಅಂಗಡೀಲಿ ನಾವು ಕೊಟ್ಟಿದ್ದು ₹32,000. ಎರಡೂ ಒಂದೇ ಅಲ್ಲ. ದುಬಾರಿಯದರಲ್ಲಿ ಚಾನೆಲ್ ಜಾಸ್ತಿ, ಗದ್ದಲ ತಗ್ಗಿಸೋ ಶಕ್ತಿ ಜಾಸ್ತಿ, ಬ್ಲೂಟೂತ್ ಇತ್ತು. ದಿನಾ ಮೀಟಿಂಗಲ್ಲಿ ಕೂರೋರಿಗೆ ಅದು ಬೇಕು. ಅಪ್ಪನಿಗೆ ಬೇಕಾಗಿದ್ದು ಅಮ್ಮನ ಮಾತು, ಟಿವಿ ವಾರ್ತೆ, ಜಗಲಿ ಮೇಲಿನ ಹರಟೆ.

ಆದ್ರೆ ನಮ್ಮ ದುಡ್ಡು ನಿಜವಾಗಿ ವಸೂಲಾಗಿದ್ದು ಮಷೀನು ತಂದ ಮೇಲೆ. ಮೊದಲ ವಾರ ಅಪ್ಪನಿಗೆ ನಲ್ಲಿ ನೀರು ಜಲಪಾತ, ಪೇಪರ್ ಮಡಚಿದ್ರೆ ಪಟಾಕಿ. ತಮ್ಮ ದನಿಯೇ ಹಂಡೆಯೊಳಗಿಂದ ಬಂದಂಗೆ. "ತೆಗೆದಿಡು ಬೀರುವಲ್ಲಿ" ಅಂದ್ರು. ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತೆ. ನಾವು ಬಸ್ ಹತ್ತಿದ್ವಿ. ಭದ್ರಾವತಿಯಿಂದ ಶಿವಮೊಗ್ಗ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅಂಗಡಿಯವರು ಮಷೀನನ್ನ ಕಂಪ್ಯೂಟರಿಗೆ ಜೋಡಿಸಿ ಸದ್ದು ಇಳಿಸಿದ್ರು, ಮುಂದಿನ ಸಲ ಸ್ವಲ್ಪ ಏರಿಸಿದ್ರು. ಎರಡು ತಿಂಗಳಲ್ಲಿ ನಾಲ್ಕು ಸಲ ಹೋದ್ವಿ, ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ. ಎಪ್ಪತ್ತೆರಡರ ಅಪ್ಪನನ್ನ ಬೆಂಗಳೂರಿಗೆ ನಾಲ್ಕು ಸಲ ಕರ್ಕೊಂಡು ಹೋಗೋಕೆ ಆಗ್ತಿತ್ತಾ?

ತಗೊಳ್ಳೋರು ಇಷ್ಟು ನೋಡ್ಕೊಳ್ಳಿ:

• ಮೊದಲು ಇಎನ್‌ಟಿ ಡಾಕ್ಟರ್. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿರುತ್ತೆ. ಒಂದು ಕಿವಿ ಇದ್ದಕ್ಕಿದ್ದಂಗೆ ಕೇಳದಾದ್ರೆ ಅಂಗಡಿಗಲ್ಲ, ತಕ್ಷಣ ಆಸ್ಪತ್ರೆಗೆ.
• ಆಡಿಯೋಗ್ರಾಮ್ ಕಾಪಿ ಕೇಳಿ ಇಸ್ಕೊಳ್ಳಿ. ಪರೀಕ್ಷೆ ಮಾಡೋರಿಗೆ ಆರ್‌ಸಿಐ ನೋಂದಣಿ ಇದೆಯಾ ಕೇಳಿ.
• ಆಮೇಲಿನ ಟ್ಯೂನಿಂಗ್ ರೇಟಲ್ಲೇ ಸೇರಿದೆಯಾ, ಎಷ್ಟು ದಿನ? ಬಿಲ್ಲಲ್ಲಿ ಬರೆಸ್ಕೊಳ್ಳಿ.
• ಸೆಲ್ಲಿನ ಬಣ್ಣ ನೆನಪಿಡಿ: 13 ನಂಬರು ಕಿತ್ತಳೆ, 312 ಕಂದು. ಸ್ಟಿಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಕಿತ್ತ ಮೇಲೆ ಬಳಸದಿದ್ರೂ ಅದು ಖಾಲಿಯಾಗುತ್ತೆ.
• ಮಲೆನಾಡಿನ ಮಳೆಗಾಲದ ತೇವ ಮಷೀನಿಗೆ ಶತ್ರು. ರಾತ್ರಿ ಸಿಲಿಕಾ ಜೆಲ್ ಡಬ್ಬಿಯೊಳಗಿಡಿ.
• ಅಷ್ಟೂ ಕಷ್ಟ ಅಂದ್ರೆ ಕೇಂದ್ರ ಸರ್ಕಾರದ ಎಡಿಪ್ ಯೋಜನೆ ಇದೆ, ಆದಾಯ ಮಿತಿಯೊಳಗಿನವರಿಗೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ವಿಚಾರಿಸಿ.

ಅಂಗಡಿ ಹೆಸರು ಹಾಕ್ತಿಲ್ಲ, ಇದು ಜಾಹೀರಾತಲ್ಲ. ನಿಮ್ಮೂರಿಗೆ ಹತ್ತಿರ ಇರೋರನ್ನ, ಮತ್ತೆ ಮತ್ತೆ ಹೋದ್ರೂ ಮುಖ ಸಿಂಡರಿಸದವರನ್ನ ಹುಡುಕಿ.

ಮಷೀನು ಹಳೇ ಕಿವಿ ವಾಪಸ್ ಕೊಡಲ್ಲ. ಛತ್ರದ ಗದ್ದಲದಲ್ಲಿ ಅಪ್ಪ ಈಗಲೂ ಒದ್ದಾಡ್ತಾರೆ. ಆದ್ರೆ ಮೊನ್ನೆ ಅಮ್ಮನ ಜೊತೆ ಅರ್ಧ ಗಂಟೆ ಜಗಳ ಆಡಿದ್ರು, ಒಂದು ಮಾತೂ ತಪ್ಪದೆ ಕೇಳಿಸ್ಕೊಂಡು.

ನಿಮ್ಮ ಮನೇಲಿ ಟಿವಿ ವಾಲ್ಯೂಮ್ ಎಷ್ಟರಲ್ಲಿದೆ? ಒಂದ್ಸಲ ನೋಡಿ.

#ಕಿವಿಮಷೀನು #ಭದ್ರಾವತಿ #ಶಿವಮೊಗ್ಗ #ಅಪ್ಪ