ಅರವತ್ನಾಲ್ಕಕ್ಕೆ ಸೊನ್ನೆ

ರಗ್ಬಿ ಅಂದ ಕೂಡಲೇ ನಮ್ಮ ಕಡೆಯವರು ಕೇಳೋ ಮೊದಲ ಪ್ರಶ್ನೆ, "ಅದೇ ಅಲ್ವಾ, ಮೊಟ್ಟೆ ತರಹದ ಚೆಂಡು ಹಿಡ್ಕೊಂಡು ಒಬ್ಬರ ಮೇಲೆ ಒಬ್ಬರು ಬೀಳೋದು?" ಹೌದು ಸ್ವಾಮಿ, ಅದೇ. ಆದರೆ ಇವತ್ತು ನಾನು ಬರೆಯೋಕೆ ಹೊರಟಿರೋದು ಆಟದ ಬಗ್ಗೆ ಅಲ್ಲ, ಆಟ ನೋಡೋವರ ಬಗ್ಗೆ. ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಪಕ್ಕಪಕ್ಕದ ಎರಡು ಊರಿನವರು ಮೂರು ತಲೆಮಾರಿಂದ ಒಬ್ಬರನ್ನೊಬ್ಬರು ಹೇಗೆ ಉರಿಸ್ತಾ ಬಂದಿದ್ದಾರೆ, ಅದರ ನಡುವೆ ಕ್ಲಬ್ಬುಗಳೇ ಹೇಗೆ ಮಾಯವಾದವು ಅನ್ನೋದರ ಬಗ್ಗೆ.

2021ರ ಕೊನೆಯಲ್ಲಿ ಕೆಲಸದ ಮೇಲೆ ಬ್ರಿಸ್ಟಲ್‌ಗೆ ಬಂದೆ. ನಮ್ಮ ಟೀಮಿನಲ್ಲಿ ಒಬ್ಬ ಬಾತ್‌ನವ, ಒಬ್ಬ ಗ್ಲೌಸ್ಟರ್‌ನವ, ಟೆಸ್ಟಿಂಗ್ ನೋಡಿಕೊಳ್ಳೋ ಹೆಂಗಸು ವೂಸ್ಟರ್‌ನವಳು. ಬ್ರಿಸ್ಟಲ್‌ನವರೂ ಇದ್ದರು, ಆದರೆ ಆ ವರ್ಷ ಅವರು ರಗ್ಬಿ ಮಾತು ಬಂದರೆ ಕಾಫಿ ತರೋಕೆ ಎದ್ದು ಹೋಗ್ತಿದ್ದರು. ಕಾರಣ ಆಮೇಲೆ ಗೊತ್ತಾಯ್ತು. 2021ರ ಜೂನ್‌ನಲ್ಲಿ ಸೆಮಿಫೈನಲ್, ಸ್ವಂತ ಮೈದಾನ, ಹಾರ್ಲೆಕ್ವಿನ್ಸ್ ಮೇಲೆ 28-0 ಮುಂದಿದ್ದರು ಬ್ರಿಸ್ಟಲ್‌ನವರು. ಕೊನೆಗೆ ಹೆಚ್ಚುವರಿ ಸಮಯದಲ್ಲಿ 43-36 ಸೋತರು! ಹಾರ್ಲೆಕ್ವಿನ್ಸ್ ಹೋಗಿ ಕಪ್ಪನ್ನೇ ಎತ್ತಿತು. ಕಾಫಿ ತರೋಕೆ ಹೋಗದೆ ಇನ್ನೇನು ಮಾಡ್ತಾರೆ ಹೇಳಿ :-)

ಬಾತ್ ಮತ್ತು ಗ್ಲೌಸ್ಟರ್ ಎರಡೂ ರಗ್ಬಿ ಊರುಗಳೇ, ಕಾಲ್ಚೆಂಡಿಗೆ ಅಲ್ಲಿ ಎರಡನೇ ಜಾಗ. ಉಳಿದಂತೆ ಒಂದಕ್ಕೊಂದು ಸಂಬಂಧವೇ ಇಲ್ಲ. ಬಾತ್ ಅಂದರೆ ಜೇನಿನ ಬಣ್ಣದ ಕಲ್ಲಿನ ಮನೆಗಳು, ರೋಮನ್ನರ ಬಿಸಿನೀರಿನ ಕೊಳ, ಪ್ರವಾಸಿಗರು. ಅವರ ಮೈದಾನ 'ದ ರೆಕ್' ಊರಿನ ನಟ್ಟನಡುವೆ ಏವನ್ ನದಿಯ ದಡದಲ್ಲಿದೆ. ಜೋರಾಗಿ ಒದ್ದ ಚೆಂಡು ಒಮ್ಮೊಮ್ಮೆ ನೀರಿಗೇ ಬೀಳುತ್ತದೆ. ಗ್ಲೌಸ್ಟರ್ ಅಂದರೆ ಹಳೇ ಬಂದರು, ಕಾರ್ಖಾನೆ, ಒಂದು ದೊಡ್ಡ ಕೆಥೆಡ್ರಲ್. ಅವರ ಕಿಂಗ್ಸ್‌ಹೋಮ್ ಮೈದಾನದ ಒಂದು ಉದ್ದ ಬದಿಗೆ ತಗ್ಗು ಮಾಡಿನ ಕೆಳಗೆ ನಿಂತು ನೋಡೋ ಜಾಗ ಇದೆ, ಹೆಸರೇ 'ದ ಶೆಡ್'. ಅಲ್ಲಿ ಕೂಗಿದರೆ ಮಾಡಿಗೆ ಬಡಿದು ದುಪ್ಪಟ್ಟಾಗಿ ಮೈದಾನಕ್ಕೆ ಬೀಳುತ್ತೆ. "ಗ್ಲಾಸ್ಟಾ..." ಅಂತ ಎಳೆದು ಕೂಗ್ತಾರೆ, ನಮ್ಮ ಜಾತ್ರೇಲಿ ತೇರು ಎಳೆಯೋವಾಗ ಕೂಗ್ತಾರಲ್ಲ ಹಾಗೆ. ಗ್ಲೌಸ್ಟರ್‌ನವರ ಲೆಕ್ಕದಲ್ಲಿ ಬಾತ್‌ನವರು ಶೋಕಿವಾಲರು. ಬಾತ್‌ನವರ ಲೆಕ್ಕದಲ್ಲಿ ಗ್ಲೌಸ್ಟರ್‌ನವರು... ಬಿಡಿ, ಬರೆಯೋ ಹಾಗಿಲ್ಲ.

ಈ ಜಗಳದಲ್ಲಿ ಬಹಳ ಕಾಲ ಗೆದ್ದದ್ದು ಶೋಕಿವಾಲರೇ. 1984ರಿಂದ 1996ರ ಒಳಗೆ ಬಾತ್ ಹತ್ತು ಸಲ ದೇಶದ ಕಪ್ ಗೆದ್ದಿತು, ಆರು ಸಲ ಲೀಗ್ ಗೆದ್ದಿತು. ಆಗಿನ್ನೂ ಆಟಗಾರರಿಗೆ ಸಂಬಳ ಇರಲಿಲ್ಲ. ವಕೀಲ, ಮೇಷ್ಟ್ರು, ಬಿಲ್ಡರ್ ಎಲ್ಲಾ ಕೆಲಸ ಮುಗಿಸಿ ಸಂಜೆ ಪ್ರಾಕ್ಟೀಸಿಗೆ ಬರ್ತಿದ್ದ ಕಾಲ. 1990ರ ಕಪ್ ಫೈನಲ್ಲಿನಲ್ಲಿ ಬಾತ್ ಎದುರಿಗೆ ಬಂದದ್ದು ಇದೇ ಗ್ಲೌಸ್ಟರ್. ಸ್ಕೋರ್ 48-6. ನಮ್ಮ ಗ್ಲೌಸ್ಟರ್ ಸಹೋದ್ಯೋಗಿ ಆಗಿನ್ನೂ ಹುಟ್ಟಿರಲಿಲ್ಲ, ಅವನಪ್ಪ ಟ್ವಿಕನ್‌ಹ್ಯಾಮ್‌ಗೆ ಹೋಗಿದ್ದರಂತೆ. ಆ 48-6 ಅನ್ನೋ ಅಂಕಿ ಅವರ ಮನೇಲಿ ಅಜ್ಜನ ಆಸ್ತಿ ಕಳೆದುಹೋದ ಕಥೆ ಥರ ಉಳಿದಿದೆ.

1995ರಲ್ಲಿ ರಗ್ಬಿ ಯೂನಿಯನ್ ವೃತ್ತಿಪರ ಆಟ ಆಯ್ತು. ದುಡ್ಡು ಬಂತು, ಬಾತ್‌ನ ಅದೃಷ್ಟ ಹೋಯ್ತು. 1998ರಲ್ಲಿ ಬ್ರೀವ್ ತಂಡವನ್ನು 19-18 ಸೋಲಿಸಿ ಯೂರೋಪಿನ ಕಪ್ ಗೆದ್ದದ್ದೇ ಕೊನೆ, ಲೀಗ್ ಮತ್ತೆ ಕೈಗೆ ಸಿಗಲಿಲ್ಲ. ಹಾಗಂತ ಗ್ಲೌಸ್ಟರ್‌ಗೆ ಸಿಕ್ಕಿತಾ ಅಂದರೆ ಅದೂ ಇಲ್ಲ. 2002-03ರಲ್ಲಿ ಪಾಪ, ಲೀಗ್ ಪಟ್ಟಿಯಲ್ಲಿ 15 ಪಾಯಿಂಟ್ ಮುಂದಿದ್ದು ಮೊದಲ ಸ್ಥಾನಕ್ಕೆ ಬಂದರು. ಆದರೆ ಅದೇ ವರ್ಷದಿಂದ ಚಾಂಪಿಯನ್ ಯಾರು ಅನ್ನೋದನ್ನ ಫೈನಲ್ ಆಡಿ ತೀರ್ಮಾನ ಮಾಡೋ ನಿಯಮ. ಎರಡನೇ ಸ್ಥಾನದಲ್ಲಿದ್ದ ವಾಸ್ಪ್ಸ್ ಬಂದು 39-3 ಅಂತ ಒರೆಸಿ ಹಾಕಿತು. ಇಡೀ ವರ್ಷ ಫಸ್ಟ್ ರ‍್ಯಾಂಕ್ ಬಂದು ಕೊನೇ ಪರೀಕ್ಷೇಲಿ ಫೇಲ್ ಆದ ಹಾಗೆ. ನನ್ನ ಕೇಳಿದರೆ ಅದು ಅನ್ಯಾಯ. ಫೈನಲ್ ಟಿಕೆಟ್ ಮಾರಾಟ ಆಗುತ್ತೆ ಅನ್ನೋದು ಬಿಟ್ಟರೆ ಆ ನಿಯಮಕ್ಕೆ ಬೇರೆ ಅರ್ಥ ನನಗಂತೂ ಕಾಣಿಸಲ್ಲ.

ಇನ್ನು ಆ ಸೊನ್ನೆಯ ಕಥೆ. ನಾನು ಬಂದ ಸೀಸನ್ನಿನಲ್ಲಿ ಬಾತ್ ಸ್ಥಿತಿ ನೋಡೋ ಹಾಗಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಸ್ವಂತ ಮೈದಾನದಲ್ಲೇ ಸಾರಸೆನ್ಸ್ ಎದುರು 17-71. 2022ರ ಏಪ್ರಿಲ್ 30, ಶನಿವಾರ, ಕಿಂಗ್ಸ್‌ಹೋಮ್‌ನಲ್ಲಿ ಬಾತ್ ಎದುರು ಪಂದ್ಯ. ಗ್ಲೌಸ್ಟರ್ ಗೆಳೆಯ ನನ್ನನ್ನೂ ಶೆಡ್ಡಿಗೆ ಎಳೆದುಕೊಂಡು ಹೋದ. ಒಂದು ಟ್ರೈಗೆ ಐದು ಅಂಕ, ಅದಾದ ಮೇಲೆ ಕಂಬದ ನಡುವೆ ಒದ್ದರೆ ಇನ್ನೆರಡು, ಪೆನಾಲ್ಟಿ ಅಥವಾ ಡ್ರಾಪ್ ಗೋಲಿಗೆ ಮೂರು. ನನಗೆ ಗೊತ್ತಿದ್ದದ್ದು ಅಷ್ಟೇ. ಅವತ್ತು ಅಷ್ಟು ಸಾಕಾಗಿತ್ತು, ಕೂಡಿಸ್ತಾ ಹೋಗೋದೇ ಕೆಲಸ. 64-0. ನಲವತ್ತು ದಾಟಿದ ಮೇಲೆ ಶೆಡ್ಡಿನಲ್ಲಿ ಕೇಳಿಬಂದದ್ದು ಬರೀ ನಗು. ಐವತ್ತು ದಾಟಿದ ಮೇಲೆ ಅದೂ ಕಮ್ಮಿ ಆಯ್ತು. ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು "ಒಂದು ಪೆನಾಲ್ಟಿನಾದ್ರೂ ಒದೀರೋ" ಅಂತ ಬಾತ್‌ನವರಿಗೇ ಹೇಳ್ತಿದ್ದರು! ಇಲ್ಲಿ ಎರಡೂ ಕಡೆಯವರು ಬೆರೆತೇ ನಿಲ್ಲೋದು, ಕಾಲ್ಚೆಂಡಿನ ಥರ ನಡುವೆ ಪೊಲೀಸ್ ಬೇಲಿ ಇಲ್ಲ. ಪಕ್ಕದಲ್ಲಿ ನೀಲಿ-ಕಪ್ಪು-ಬಿಳಿ ಸ್ಕಾರ್ಫಿನ ಅಪ್ಪ ಮಗಳು ಕೊನೇ ನಿಮಿಷದವರೆಗೂ ಕದಲಲಿಲ್ಲ. ಯಾರೋ ಅವರಿಗೆ ಚಿಪ್ಸ್ ಕೊಟ್ಟರು.

ಆ ವರ್ಷ ಹದಿಮೂರು ತಂಡಗಳಲ್ಲಿ ಬಾತ್ ಹದಿಮೂರನೆಯದು. ಮಾಮೂಲಿ ವರ್ಷ ಆಗಿದ್ದರೆ ಕೆಳಗಿನ ದರ್ಜೆಗೆ ಇಳಿಯಬೇಕಿತ್ತು. ಕೋವಿಡ್ ಆದ ಮೇಲೆ ಇಳಿಸೋದನ್ನೇ ನಿಲ್ಲಿಸಿದ್ದರಿಂದ ಬಚಾವ್. ಸೋಮವಾರ ಆಫೀಸಿಗೆ ರಜೆ, ಮಂಗಳವಾರ ನಮ್ಮ ಬಾತ್‌ನವ ಬಂದಾಗ ಅವನ ಮಾನಿಟರ್ ಮೇಲೆ 64 ಹಳದಿ ಚೀಟಿ ಅಂಟಿಸಿದ್ದರು. ಅವನು ಒಂದೂ ಮಾತಾಡದೆ ಒಂದೊಂದಾಗಿ ಕಿತ್ತು, ಲೆಕ್ಕ ಮಾಡಿ, ಡ್ರಾಯರಿನಲ್ಲಿಟ್ಟ.

ಹಾಗೆ ಬಚಾವಾದವರಲ್ಲಿ ಬಾತ್ ಮೊದಲಲ್ಲ. ಇಂಗ್ಲೆಂಡಿನ ಅತಿ ಹೆಚ್ಚು ಸಲದ ಚಾಂಪಿಯನ್ ಲೆಸ್ಟರ್ 2019-20ರಲ್ಲಿ ಕೆಳಗಿನಿಂದ ಎರಡನೆಯದು. ಅವರ ಕೆಳಗೆ ಇದ್ದದ್ದು ಸಾರಸೆನ್ಸ್ ಮಾತ್ರ, ಅದೂ ಆಡಿ ಸೋತು ಬಂದ ಸ್ಥಾನವಲ್ಲ. ಆಟಗಾರರಿಗೆ ಕೊಡೋ ಒಟ್ಟು ಸಂಬಳದ ಮೇಲಿನ ಮಿತಿಯನ್ನು ಮೀರಿದ್ದಕ್ಕೆ 2019ರ ನವೆಂಬರ್‌ನಲ್ಲಿ 35 ಪಾಯಿಂಟ್ ಕಡಿತ, ಐವತ್ಮೂರು ಲಕ್ಷ ಪೌಂಡಿಗೂ ಮೀರಿದ ದಂಡ. ಆಮೇಲೆ ಕಡಿತ 105ಕ್ಕೆ ಏರಿ ಕೆಳಗಿಳಿದೇ ಹೋದರು. ಮಾಲೀಕರು ಆಟಗಾರರ ಜೊತೆ ಪಾಲುದಾರಿಕೆಯಲ್ಲಿ ಬಂಡವಾಳ ಹೂಡಿದ್ದರು, ಅದು ಸಂಬಳವಲ್ಲ ಅನ್ನೋದು ಅವರ ವಾದ. ಅದಕ್ಕೂ ಹಿಂದಿನ ಐದು ವರ್ಷದಲ್ಲಿ ಸಾರಸೆನ್ಸ್ ನಾಲ್ಕು ಸಲ ಚಾಂಪಿಯನ್, ಹಾಗಾಗಿ ಉಳಿದ ಅಭಿಮಾನಿಗಳಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಸಾರಸೆನ್ಸ್‌ಗೆ ಸಿಕ್ಕ ಶಿಕ್ಷೆಯಿಂದ ಉಳಿದುಕೊಂಡ ಲೆಸ್ಟರ್, ಎರಡೇ ವರ್ಷಕ್ಕೆ 2022ರ ಜೂನ್ 18ರಂದು ಫೈನಲ್ಲಿನಲ್ಲಿ ಸೋಲಿಸಿದ್ದು ವಾಪಸ್ ಬಂದಿದ್ದ ಅದೇ ಸಾರಸೆನ್ಸನ್ನ. 15-12. ಕೊನೇ ಗಳಿಗೆಯ ಡ್ರಾಪ್ ಗೋಲ್ ಒದ್ದವನು ಫ್ರೆಡ್ಡಿ ಬರ್ನ್ಸ್. ಈ ಮನುಷ್ಯನ ಬಗ್ಗೆ ಹೇಳಲೇಬೇಕು. ಹುಟ್ಟಿದ್ದು ಬಾತ್, ಆಟ ಶುರು ಮಾಡಿದ್ದು ಗ್ಲೌಸ್ಟರ್‌ನಲ್ಲಿ (ಎರಡೂ ಕಡೆ ಬೈಗುಳ ತಿನ್ನೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ). 2018ರ ಅಕ್ಟೋಬರ್‌ನಲ್ಲಿ ಬಾತ್ ಪರ ಟುಲೂಸ್ ವಿರುದ್ಧ ಆಡ್ತಿದ್ದ. ಬಾತ್ 20-22 ಹಿಂದೆ, ಕೊನೇ ನಿಮಿಷಗಳು. ಮೊದಲು ಸುಲಭದ ಪೆನಾಲ್ಟಿ ಕಂಬಕ್ಕೆ ಬಡಿಯಿತು. ಆಮೇಲೆ ಯಾರೂ ತಡೆಯದೆ ಗೆರೆ ದಾಟಿದ, ಚೆಂಡನ್ನು ನೆಲಕ್ಕೆ ಒತ್ತೋದಷ್ಟೇ ಬಾಕಿ. ಅದಕ್ಕೂ ಮುಂಚೆ ಸಂಭ್ರಮ ಶುರು ಮಾಡಿದ. ಹಿಂದಿನಿಂದ ಬಂದ ಮೆಡಾರ್ಡ್ ಚೆಂಡಿಗೆ ಒಂದು ಏಟು ಕೊಟ್ಟು ಬೀಳಿಸಿದ, ಅಷ್ಟೇ. ಪಂದ್ಯ ಹೋಯ್ತು. ಆ ವಿಡಿಯೋ ಜಗತ್ತೆಲ್ಲ ಸುತ್ತಿತು. ನಾಲ್ಕು ವರ್ಷ ಆದ ಮೇಲೆ ಮುಖ್ಯ ಆಟಗಾರ ಜಾರ್ಜ್ ಫೋರ್ಡ್‌ಗೆ ಗಾಯವಾಗಿದ್ದಕ್ಕೆ ಬದಲಿಯಾಗಿ ಇಳಿದು, ಲೆಸ್ಟರ್‌ಗೆ ಕಪ್ ಕೊಡಿಸಿದ. ಬಾತ್‌ನ ಸಹೋದ್ಯೋಗಿ ಅವತ್ತು ಅತ್ತನಂತೆ. ಯಾಕೆ ಅಂತ ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ.

ಆಮೇಲೆ ವೂಸ್ಟರ್. ಬರೆಯೋಕೆ ಬೇಜಾರಾಗುತ್ತೆ. ಎಂ ಫೈವ್ ಹೆದ್ದಾರಿಯ ಪಕ್ಕದಲ್ಲೇ ಸಿಕ್ಸ್‌ವೇಸ್ ಮೈದಾನ. 2022ರ ಮೇ ತಿಂಗಳಲ್ಲಿ ವೂಸ್ಟರ್ ಪ್ರೀಮಿಯರ್‌ಶಿಪ್ ಕಪ್ ಗೆದ್ದಿತ್ತು. ಎದುರಾಳಿ ಲಂಡನ್ ಐರಿಶ್, 25-25 ಸಮ, ಟ್ರೈ ಲೆಕ್ಕದಲ್ಲಿ ಗೆಲುವು. ನಾಲ್ಕೇ ತಿಂಗಳಿಗೆ ತೆರಿಗೆ ಬಾಕಿ, ಸಂಬಳ ಬಾಕಿ. ಸೆಪ್ಟೆಂಬರ್ 24ರಂದು ನ್ಯೂಕಾಸಲ್ ತಂಡವನ್ನ 39-5 ಸೋಲಿಸಿದರು, ಎರಡು ದಿನ ಬಿಟ್ಟು ಸೋಮವಾರ ಕ್ಲಬ್ಬನ್ನು ಅಮಾನತು ಮಾಡಿದರು. ಅಕ್ಟೋಬರ್‌ನಲ್ಲಿ ವಾಸ್ಪ್ಸ್ ಸರದಿ. 1867ರ ಕ್ಲಬ್, ಎರಡು ಸಲ ಯೂರೋಪ್ ಗೆದ್ದವರು. ಲಂಡನ್ ಬಿಟ್ಟು ಹೈ ವಿಕಂಬ್, ಅಲ್ಲಿಂದ 2014ರಲ್ಲಿ ಕೊವೆಂಟ್ರಿ, ಅಲ್ಲಿನ ಸ್ಟೇಡಿಯಂ ಕೊಳ್ಳೋಕೆ 3.5 ಕೋಟಿ ಪೌಂಡಿನ ಬಾಂಡ್. 2022ರ ಮೇನಲ್ಲಿ ತೀರಿಸಬೇಕಿತ್ತು, ಆಗಲಿಲ್ಲ. 2023ರ ಜೂನ್‌ನಲ್ಲಿ ಲಂಡನ್ ಐರಿಶ್ ಕೂಡ ಮುಚ್ಚಿತು, ಅದೂ ಲೀಗ್‌ನಲ್ಲಿ ಐದನೇ ಸ್ಥಾನ ಬಂದ ವರ್ಷ. ಮೇ 2022ರ ಆ ಕಪ್ ಫೈನಲ್ ಆಡಿದ ಎರಡು ಕ್ಲಬ್ಬುಗಳೂ ಹದಿಮೂರು ತಿಂಗಳಲ್ಲಿ ಲೀಗ್‌ನಿಂದ ಮಾಯ. 13 ಇದ್ದದ್ದು 10 ಆಯ್ತು.

ನಮ್ಮ ಟೆಸ್ಟಿಂಗ್ ಹೆಂಗಸಿಗೆ ಅವತ್ತಿನಿಂದ ಯಾರೂ ರಗ್ಬಿ ಜೋಕ್ ಹೇಳಲಿಲ್ಲ. ಅದೇ ಅವಳಿಗೆ ಜಾಸ್ತಿ ನೋವಾಗಿದ್ದು ಅಂತ ಒಮ್ಮೆ ಹೇಳಿದಳು. ಗ್ಲೌಸ್ಟರ್‌ನವ ಪ್ರತಿ ವರ್ಷ ವೂಸ್ಟರ್ ಪಂದ್ಯದ ಹಿಂದಿನ ದಿನ ಅವಳ ಕುರ್ಚಿಗೆ ಕೆಂಪು-ಬಿಳಿ ರಿಬ್ಬನ್ ಕಟ್ಟುತ್ತಿದ್ದ. 2023ರಲ್ಲಿ ಆ ಪಂದ್ಯವೇ ಇರಲಿಲ್ಲ. ಬೇರೆ ಕ್ಲಬ್ಬಿಗೆ ಬೆಂಬಲ ಕೊಡಬಾರದಾ ಅಂತ ನಾನು ಕೇಳಿದೆ. ಅವಳು ನನ್ನ ಕಡೆ ನೋಡಿದ ರೀತಿ... ಆರ್‌ಸಿಬಿ ಸೋತಾಗಲೆಲ್ಲ ಚೆನ್ನೈಗೆ ಸಪೋರ್ಟ್ ಮಾಡು ಅಂತ ಯಾರಾದರೂ ಹೇಳಿದ್ದರೆ ನಾನೂ ಹಾಗೇ ನೋಡ್ತಿದ್ದೆ ಬಿಡಿ.

ಆರ್‌ಸಿಬಿ ಅಂದಾಗ ನೆನಪಾಯ್ತು. 2025ರ ಜೂನ್ 3ಕ್ಕೆ ನಮ್ಮವರು ಹದಿನೆಂಟು ವರ್ಷದ ಮೇಲೆ ಕಪ್ ಗೆದ್ದರು. ಮಾರನೇ ದಿನ ಬೆಂಗಳೂರಿನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು, ಗೆದ್ದ ಖುಷಿ ಒಂದು ದಿನವೂ ಉಳಿಯಲಿಲ್ಲ. ಆ ವಾರ ಆಫೀಸಿನಲ್ಲಿ ನನ್ನ ಜೊತೆ ಸುಮ್ಮನೆ ಕೂತು ಟೀ ಕುಡಿದವನು ಬಾತ್‌ನವ. ಅವನ ಫೈನಲ್ ಜೂನ್ 14ಕ್ಕಿತ್ತು. ಹಿಂದಿನ ವರ್ಷ ಫೈನಲ್ಲಿಗೆ ಬಂದು, ಬೆನೊ ಒಬಾನೊಗೆ ಮೊದಲರ್ಧದಲ್ಲೇ ಕೆಂಪು ಕಾರ್ಡ್ ಸಿಕ್ಕಿ, ಹದಿನಾಲ್ಕೇ ಜನ ಆಡಿ ನಾರ್ಥಾಂಪ್ಟನ್‌ಗೆ 25-21 ಸೋತಿದ್ದರು. ಈ ಸಲ ಎದುರಿಗೆ ಲೆಸ್ಟರ್, ಬೆನ್ ಯಂಗ್ಸ್ ಮತ್ತು ಡ್ಯಾನ್ ಕೋಲ್‌ಗೆ ಕೊನೇ ಪಂದ್ಯ. 64-0ರ ನಂತರ ಬಂದ ಕೋಚ್ ಯೋಹಾನ್ ವಾನ್ ಗ್ರಾನ್, 2023ರಲ್ಲಿ ಸೇರಿದ ಸ್ಕಾಟ್ಲೆಂಡಿನ ಫಿನ್ ರಸೆಲ್, ಇವರ ಕೈಯಲ್ಲಿ ಬಾತ್ ಬೇರೆಯದೇ ತಂಡ ಆಗಿತ್ತು. ಅದೇ ಸೀಸನ್ನಿನಲ್ಲಿ ಎರಡು ಕಪ್ ಆಗಲೇ ಗೆದ್ದಾಗಿತ್ತು. 23-21. ಇಪ್ಪತ್ತೊಂಬತ್ತು ವರ್ಷದ ಮೇಲೆ ಚಾಂಪಿಯನ್.

ಗ್ಲೌಸ್ಟರ್‌ನವ ಅವತ್ತು ಟೀವಿ ಹಚ್ಚಲಿಲ್ಲವಂತೆ, ತೋಟದ ಹುಲ್ಲು ಕತ್ತರಿಸಿದನಂತೆ. ಎರಡು ಸಲ. ಸೋಮವಾರ ಅವನ ಮಾನಿಟರ್ ಮೇಲೆ 29 ಹಳದಿ ಚೀಟಿ ಇದ್ದವು, ಅಂಟು ಹೋಗಿದ್ದರಿಂದ ಟೇಪ್ ಹಾಕಿ ಅಂಟಿಸಲಾಗಿತ್ತು. ವೂಸ್ಟರ್ 2025ರ ಶರತ್ಕಾಲದಲ್ಲಿ ಎರಡನೇ ದರ್ಜೆಯಲ್ಲಿ ಮತ್ತೆ ಆಡೋಕೆ ಶುರು ಮಾಡಿತು. ನಮ್ಮ ಟೆಸ್ಟಿಂಗ್ ಹೆಂಗಸು ಸೀಸನ್ ಟಿಕೆಟ್ ತಗೊಂಡಿದ್ದಾಳೆ. ಒಂದು ದಿನ ಬೆಳಿಗ್ಗೆ ಬಂದು ನೋಡಿದರೆ ಅವಳ ಕುರ್ಚಿಗೆ ಕೆಂಪು-ಬಿಳಿ ರಿಬ್ಬನ್. ಅವಳು ಅದನ್ನು ಸಂಜೆವರೆಗೂ ಬಿಚ್ಚಲಿಲ್ಲ.